ಮುಳಗುಂದದ ಹೊಲ ಮಾರದೆಯೇ ಕ್ಲಿಯರೆನ್ಸ್ ಪಡೆದೆ

ಹೋದ ವರ್ಷ ನನಗೆ ಅಮೆರಿಕ ಸರ್ಕಾರದ ಸೀಕ್ರೆಟ್ ದರ್ಜೆಯ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಗೋಪ್ಯ ಮಾಹಿತಿ ನೋಡಲು ಬೇಕಾದ ಅನುಮತಿ, ಸಿಕ್ಕಿತು. ಮುಳಗುಂದದಲ್ಲಿ ನನ್ನ ಪಾಲಿನ ನಾಲ್ಕೂವರೆ ಎಕರೆ ಎರೆ ಹೊಲ, ಧಾರವಾಡದ ಮಾಳಮಡ್ಡಿಯಲ್ಲಿ ಅವ್ವ, ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿರುವ ತಮ್ಮ, ಬ್ಯಾಂಕಿನಲ್ಲಿ ಠೇವಣಿ, ಇಷ್ಟನ್ನೂ ಇಟ್ಟುಕೊಂಡೇ ಪಡೆದೆ. ‘ಭಾರತದಲ್ಲಿ ಆಸ್ತಿ ಇದ್ದರೆ ಕ್ಲಿಯರೆನ್ಸ್ ಕಷ್ಟ, ಹೊಲ ಮಾರು, ಇಲ್ಲವೇ ತಮ್ಮನಿಗೆ ಬಿಟ್ಟುಕೊಡು, ಆಮೇಲೆ ನೋಡು’ ಎಂದವರು ವರ್ಜೀನಿಯಾದಲ್ಲಿ ಒಬ್ಬಿಬ್ಬರಲ್ಲ. ಈ ಕ್ಲಿಯರೆನ್ಸಿಗೆ ಕೊಡುವ ಉದ್ದದ ಪ್ರಶ್ನಾವಳಿ ಎಸ್‌ಎಫ್-86 ತುಂಬಿ ಬೆವರಿದವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಅವರ ಮಾತಿನಂತೆ ಬಿಟ್ಟುಕೊಡಲೇ ಹೊರಟಿದ್ದೆ. ವಿಮಾನಕ್ಕೇ ಒಂದೂಕಾಲು ಲಕ್ಷ ಸುರಿದು ಊರಿಗೆ ಬಂದೆ. ಹಕ್ಕು ಬಿಡುಗಡೆ ಪತ್ರದ ಕರಡೂ ಸಿದ್ಧವಾಯಿತು. ಅವ್ವ ಕನ್ನಡಕ ಹಾಕಿಕೊಂಡು ಹೊಲದ ಉತಾರ (ಪಹಣಿ) ಓದಿದಳು. ಅಪ್ಪನ ಹೆಸರಿದ್ದ ಜಾಗದಲ್ಲಿ ಬಂದಿದ್ದ ನನ್ನ ಹೆಸರಿನ ಮೇಲೆ ಬೆರಳಿಟ್ಟು, ‘ವಾರಸಾ ಆಗಿ ಎರಡು ವರ್ಷ ತುಂಬಿಲ್ಲ, ಈಗಲೇ ತೆಗೆಸುತ್ತೀಯಾ?’ ಎಂದಳು. ಕರಡನ್ನು ಮಡಚಿಟ್ಟೆ. ವಕೀಲರಿಗೆ ಕೊಟ್ಟ ನಾಲ್ಕು ಸಾವಿರ ಹೋಯಿತು.

ನಿಜವಾದ ತಪ್ಪು ಜಂಟಿ ಖಾತೆಯದು. ಅವ್ವನ ಠೇವಣಿಯಲ್ಲಿ ಎರಡನೆಯ ಹೆಸರು ನನ್ನದು. ಹಣ ಅವಳದು ಎಂದುಕೊಂಡು ಎಸ್‌ಎಫ್-86ರಲ್ಲಿ ವಿದೇಶಿ ಹಣ, ಆಸ್ತಿ ಕೇಳುವ 20ಎ ಭಾಗದಲ್ಲಿ ಬರೆಯಲಿಲ್ಲ. ಹದಿನಾಲ್ಕು ಲಕ್ಷದಷ್ಟಿತ್ತು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ಅಮೆರಿಕ ಸರ್ಕಾರಕ್ಕೆ ಸಲ್ಲಿಸಬೇಕು, ಅದನ್ನೂ ಸಲ್ಲಿಸಿರಲಿಲ್ಲ. ಗೊತ್ತಾದ ವಾರವೇ, ಯಾರೂ ಕೇಳುವ ಮೊದಲೇ, ನಾನಾಗಿ ಬರೆದು ತಿಳಿಸಿದೆ. ಹಳೆಯ ರಿಟರ್ನ್‌ಗಳ ತಿದ್ದುಪಡಿಗೆ ತೆರಿಗೆ ಸುಮಾರು 650 ಡಾಲರ್, ಲೆಕ್ಕಿಗರಿಗೆ 900.

ಆದರೂ ಎಂಟು ತಿಂಗಳ ಮೇಲೆ, ಕ್ಲಿಯರೆನ್ಸ್ ಏಕೆ ಕೊಡಬಾರದು ಎಂಬ ಆಕ್ಷೇಪಗಳ ಪತ್ರ ಬಂದಿತು. ಗೈಡ್‌ಲೈನ್ ಬಿ, ವಿದೇಶಿ ಪ್ರಭಾವ. ಗೈಡ್‌ಲೈನ್ ಇ, ವೈಯಕ್ತಿಕ ನಡತೆ. ಉತ್ತರಕ್ಕೆ 20 ದಿನ. ವಕೀಲರೊಬ್ಬರು 7,000 ಡಾಲರ್ ಕೇಳಿದರು. ಉತ್ತರ ನಾನೇ ಬರೆದು, ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕೆಂದೂ ಕೇಳಿಕೊಂಡೆ. ಅನುಮಾನ ಉಳಿದರೆ ತೀರ್ಪು ದೇಶದ ಭದ್ರತೆಯ ಕಡೆಗೇ ಹೋಗುತ್ತದೆ ಎಂಬುದು ಗೊತ್ತಿದ್ದೇ ಈ ಧೈರ್ಯ ಮಾಡಿದೆ.

ಕ್ಲಿಯರೆನ್ಸ್ ನಿರ್ಧರಿಸುವ 2017ರ ಮಾರ್ಗಸೂಚಿಯಲ್ಲಿ, ವಿದೇಶಿ ಪ್ರಭಾವದ ಆಕ್ಷೇಪವನ್ನು ತಗ್ಗಿಸುವ ಅಂಶಗಳಿರುವ 8ನೆಯ ಪರಿಚ್ಛೇದವನ್ನು ಬಾಯಿಪಾಠವಾಗುವಷ್ಟು ಓದಿದ್ದೆ. ವಿದೇಶಿ ನಂಟಿನ ವಿಷಯದಲ್ಲಿ ತೀರ್ಪು ಕೊಡುವವರು ಮುಖ್ಯವಾಗಿ ನೋಡುವುದು ಇದನ್ನು: ಇದನ್ನು ಹಿಡಿದು ಯಾರಾದರೂ ನನ್ನನ್ನು ಬಗ್ಗಿಸಬಹುದೇ? ಹಾಗಾಗಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಡಾಲರ್ ಲೆಕ್ಕದಲ್ಲಿ ಅಕ್ಕಪಕ್ಕ ಇಟ್ಟೆ. ಹೊಲಕ್ಕೆ ಎಕರೆಗೆ ಹತ್ತು ಲಕ್ಷ ರೂಪಾಯಿ ಹಿಡಿದರೂ ಐವತ್ತೈದು ಸಾವಿರ ಡಾಲರ್ ಮುಟ್ಟುವುದಿಲ್ಲ. ಅಮೆರಿಕದಲ್ಲಿರುವ ನನ್ನ ಮನೆ ಮತ್ತು ನಿವೃತ್ತಿ ನಿಧಿ ಸೇರಿ ಆರು ಲಕ್ಷ ಡಾಲರಿಗೂ ಮೇಲೆ. ಹೊಲದ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ತಮ್ಮ ಮಾಸ್ತರ ಎಂಬುದನ್ನು ಅಡಗಿಸದೆ ಬರೆದೆ. ಸರ್ಕಾರಿ ಸಂಬಳ ಎಂದರೆ ಅದೂ ವಿದೇಶಿ ಸರ್ಕಾರದ ನಂಟೇ. ಉತಾರದ ಇಂಗ್ಲಿಷ್ ಅನುವಾದವನ್ನು ಹುಬ್ಬಳ್ಳಿಯಲ್ಲಿ ನೋಟರಿ ಮಾಡಿಸಿದೆ, ಪುಟಕ್ಕೆ ಐದುನೂರು ರೂಪಾಯಿ. ಆ ಹಾಳೆಯ ಸಾಲುಗಳನ್ನು ಯಾವ ಅನುಕ್ರಮದಲ್ಲಿ ಇಟ್ಟೆ, ಮೊದಲ ವಾಕ್ಯ ಏನಿತ್ತು ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಅವ್ವನಿಗೆ ಫೋನ್ ಕಡಿಮೆ ಮಾಡಿದರೆ ನಂಟು ತೆಳುವಾಗಿ ಕಾಣುತ್ತದೆ ಎಂದು ಯಾರೋ ಹೇಳಿದ್ದರು. ಎರಡು ವಾರ ಫೋನ್ ಮಾಡಲಿಲ್ಲ. ಮೂರನೆಯ ವಾರ ತಮ್ಮನ ಫೋನ್: ‘ಅವ್ವ ಸರಿಯಾಗಿ ಊಟ ಮಾಡುತ್ತಿಲ್ಲ, ನಿನಗೇನು ಸಿಟ್ಟು?’ ಅಂದೇ ಆ ಪ್ರಯೋಗ ನಿಲ್ಲಿಸಿ, ಕರೆಗಳನ್ನು ದಿನಾಂಕ ಹಾಕಿ ನೋಟುಬುಕ್ಕಿನಲ್ಲಿ ಬರೆಯತೊಡಗಿದೆ. ವಿಚಾರಣೆಯಲ್ಲಿ ನ್ಯಾಯಾಧೀಶರು, ತಾಯಿಯೊಂದಿಗೆ ಎಷ್ಟು ಸಲ ಮಾತನಾಡುತ್ತೀರಿ ಎಂದು ಕೇಳಿದಾಗ, ‘ವಾರಕ್ಕೆ ನಾಲ್ಕೈದು ಸಲ, ಹೆಚ್ಚಾಗಿ ಅವಳ ಸಕ್ಕರೆ ಕಾಯಿಲೆಯ ಮಾತು’ ಎಂದು ನೋಟುಬುಕ್ಕನ್ನೇ ಮುಂದಿಟ್ಟೆ. ಅವರು ನಿಧಾನವಾಗಿ ಪುಟ ತಿರುವಿದರು. ಮೂರು ತಿಂಗಳ ಮೇಲೆ ತೀರ್ಪು ನನ್ನ ಪರವಾಗಿ ಬಂದಿತು. ಒಟ್ಟು ಖರ್ಚು, ವಿಮಾನವೂ ಸೇರಿ, ಮೂರೂವರೆ ಸಾವಿರ ಡಾಲರ್ ಒಳಗೆ.

ಈ ಸಲ ಧಾರವಾಡಕ್ಕೆ ಹೊರಡುವ ಮೊದಲು ಕಂಪನಿಯ ಭದ್ರತಾ ಅಧಿಕಾರಿಗೆ ಪ್ರಯಾಣದ ವಿವರ ಕೊಟ್ಟು ಬಂದಿದ್ದೇನೆ. ಹೊಲದಲ್ಲಿ ತಮ್ಮ ಕಡಲೆ ಬಿತ್ತಿದ್ದಾನೆ. ನನ್ನ ಪಾಲಿನ ಹಣ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದಲ್ಲಿ ಇಡುವ ಬ್ಯಾಂಕ್ ಖಾತೆ) ಬಂದ ದಿನವನ್ನೂ ಅದೇ ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ.