ಸೂತ್ರ ಹುಡುಕುವ ಮೊದಲು ಪೆನ್ನು ಕೆಳಗಿಡಿ

ಪಾಠದ ಕೊನೆಯ ಲೆಕ್ಕಗಳನ್ನೆಲ್ಲ ಸಲೀಸಾಗಿ ಬಿಡಿಸುವ ಮಕ್ಕಳಿಗೆ ಬೇರೆ ಬೇರೆ ಪಾಠಗಳ ಹತ್ತು ಲೆಕ್ಕ ಬೆರೆಸಿದ ಹಾಳೆ ಕೊಟ್ಟು ನೋಡಿ. ಕೈಯೇ ಓಡುವುದಿಲ್ಲ. ಓದಿಲ್ಲ ಅಂತಲ್ಲ. ಪಾಠದ ಹೆಸರೇ ಅರ್ಧ ಉತ್ತರ ಹೇಳಿಬಿಟ್ಟಿರುತ್ತದೆ. ಮೇಲೆ ‘ವರ್ಗಸಮೀಕರಣ’ ಅಂತ ಇದ್ದರೆ ಕೆಳಗಿನ ಲೆಕ್ಕಕ್ಕೆ ಯಾವ ದಾರಿ ಅಂತ ಯೋಚಿಸುವ ಕೆಲಸವೇ ಇರುವುದಿಲ್ಲ. ಬೆರೆಸಿದ ಹಾಳೆಯಲ್ಲಿ ಆ ಹೆಸರು ಇಲ್ಲ. ಒಂದು ರೈಲು, ಒಂದು ಚೆಂಡು, ಎರಡು ರೋಧಕ, ನಡುವೆ ಒಂದು ವರ್ಗಮೂಲ. ಯಾವುದು ಯಾವ ಪಾಠದ್ದು ಅಂತ ಗುರುತಿಸುವುದೇ ಮೊದಲ ಲೆಕ್ಕ. ಅದನ್ನು ಯಾರೂ ಕಲಿಸಿರುವುದಿಲ್ಲ.

ಅಂಥ ಹಾಳೆಯನ್ನು ಎದುರಿಸುವ ಒಂದು ದಾರಿ ಇಲ್ಲಿದೆ. ಮೊದಲ ದಿನ ನಿಧಾನ ಅನ್ನಿಸುತ್ತದೆ. ಇರಲಿ.

ಮೊದಲು ಹಾಳೆ ಪೂರ್ತಿ ಓದಿ

ಒಂದನೇ ಲೆಕ್ಕದಿಂದಲೇ ಶುರುಮಾಡಬೇಕು ಅಂತ ಯಾರೂ ಹೇಳಿಲ್ಲ. ಹತ್ತನ್ನೂ ಒಮ್ಮೆ ಓದಿ. ದಾರಿ ಕಾಣುವುದಕ್ಕೆ ಒಂದು ಚುಕ್ಕೆ, ಕಾಣದ್ದಕ್ಕೆ ಎರಡು. ಒಂದು ಚುಕ್ಕೆಯವನ್ನು ಮೊದಲು ಮುಗಿಸಿ. ಆ ಹೊತ್ತಿಗೆ ಉಳಿದವು ತಲೆಯ ಹಿಂದೆ ಎಲ್ಲೋ ಕುದಿಯುತ್ತಿರುತ್ತವೆ.

ಚಿತ್ರ ಬಿಡಿಸಿ, ಚೆಂದ ಬೇಕಿಲ್ಲ

200 ಮೀಟರ್ ಉದ್ದದ ರೈಲು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ 300 ಮೀಟರ್ ಉದ್ದದ ಸೇತುವೆಯನ್ನು ದಾಟುತ್ತದೆ. ಎಷ್ಟು ಹೊತ್ತು ಬೇಕು? ಚಿತ್ರ ಬಿಡಿಸದವರು 300ನ್ನು ವೇಗದಿಂದ ಭಾಗಿಸಿ 15 ಸೆಕೆಂಡ್ ಅಂತ ಬರೆದು ಮುಂದೆ ಹೋಗುತ್ತಾರೆ. ಎರಡು ಗೆರೆ ಎಳೆದು ನೋಡಿ. ಎಂಜಿನ್ ಸೇತುವೆಯ ಕೊನೆ ಮುಟ್ಟಿದಾಗ ಇಡೀ ರೈಲು ಇನ್ನೂ ಸೇತುವೆಯ ಮೇಲೇ ಇದೆ. ಕೊನೆಯ ಬೋಗಿ ಹೊರಬರಲು ಇನ್ನೂ 200 ಮೀಟರ್ ಓಡಬೇಕು. ಒಟ್ಟು 500 ಮೀಟರ್. ಗಂಟೆಗೆ 72 ಕಿಲೋಮೀಟರ್ ಅಂದರೆ ಸೆಕೆಂಡಿಗೆ 20 ಮೀಟರ್. ಉತ್ತರ 25 ಸೆಕೆಂಡ್. ಇಲ್ಲಿ ಯಾವ ಸೂತ್ರವೂ ಕಾಪಾಡುವುದಿಲ್ಲ, ಚಿತ್ರ ಮಾತ್ರ ಕಾಪಾಡುತ್ತದೆ.

ಚಿತ್ರಕ್ಕೂ ಸಿಗದ ಮೋಸದ ಲೆಕ್ಕಗಳಿವೆ. ಹೋಗುವಾಗ ಗಂಟೆಗೆ 60, ಅದೇ ದಾರಿಯಲ್ಲಿ ಬರುವಾಗ 40 ಕಿಲೋಮೀಟರ್. ಸರಾಸರಿ ವೇಗ ಎಷ್ಟು? 50 ಅಂತ ಬಾಯಿಗೆ ಬಂತು ಅಲ್ವಾ? ತಪ್ಪು. ದೂರ ಕೊಟ್ಟಿಲ್ಲ, ಹಾಗಾಗಿ ಅನುಕೂಲವಾದ ಒಂದು ದೂರವನ್ನು ನೀವೇ ಇಟ್ಟುಕೊಳ್ಳಿ. 120 ಕಿಲೋಮೀಟರ್ ಇರಲಿ. ಹೋಗಲು 2 ಗಂಟೆ, ಬರಲು 3 ಗಂಟೆ. 240 ಕಿಲೋಮೀಟರಿಗೆ 5 ಗಂಟೆ, ಅಂದರೆ ಗಂಟೆಗೆ 48. ನಿಧಾನದ ವೇಗದಲ್ಲಿ ಜಾಸ್ತಿ ಹೊತ್ತು ಕಳೆದಿದ್ದರಿಂದ ಸರಾಸರಿ ಆ ಕಡೆಗೆ ವಾಲಿತು. ದೂರವನ್ನು 240 ಮಾಡಿ ಇನ್ನೊಮ್ಮೆ ನೋಡಿ, ಮತ್ತೆ 48 ಬರುತ್ತದೆ.

ಏನು ಕೊಟ್ಟಿಲ್ಲ ಅಂತ ನೋಡಿ

ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಬರೆದುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಇನ್ನೊಂದನ್ನು ಸೇರಿಸುತ್ತೇನೆ: ಏನು ಕೊಟ್ಟೂ ಇಲ್ಲ, ಕೇಳಿಯೂ ಇಲ್ಲ? ದಾರಿ ತೋರಿಸುವುದು ಹೆಚ್ಚಾಗಿ ಅದೇ.

ಸೆಕೆಂಡಿಗೆ 20 ಮೀಟರ್ ವೇಗದ ಕಾರು ಬ್ರೇಕ್ ಹಾಕಿದೆ, ಪ್ರತಿ ಸೆಕೆಂಡಿಗೆ ವೇಗ 5 ಮೀಟರ್‌ನಷ್ಟು ಇಳಿಯುತ್ತಿದೆ. ಎಷ್ಟು ದೂರ ಹೋಗಿ ನಿಲ್ಲುತ್ತದೆ? ಇಲ್ಲಿ ಸಮಯದ ಮಾತೇ ಇಲ್ಲ. ಹಾಗಾದರೆ ಸಮಯ ಇಲ್ಲದ ಸಮೀಕರಣ ಬೇಕು: ವೇಗದ ವರ್ಗವನ್ನು ವೇಗ ಇಳಿಯುವ ದರದ ಎರಡರಷ್ಟರಿಂದ ಭಾಗಿಸಿ. 400 ÷ 10 = 40 ಮೀಟರ್. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು, 160 ಮೀಟರ್.

ಇನ್ನೊಂದು. ಅಂಕುಡೊಂಕಾದ ನುಣುಪು ಜಾರುಬಂಡೆ. ಎತ್ತರ 5 ಮೀಟರ್. ಮೇಲಿಂದ ಸುಮ್ನೆ ಬಿಟ್ಟ ವಸ್ತುವಿಗೆ ಕೆಳಗೆ ಎಷ್ಟು ವೇಗ? ಜಾರುಬಂಡೆಯ ಆಕಾರ ಹೇಳಿಲ್ಲ. ಇಳಿಜಾರು ಬದಲಾಗುತ್ತಾ ಹೋಗುವುದರಿಂದ ವೇಗೋತ್ಕರ್ಷವೂ ಬದಲಾಗುತ್ತದೆ. ಹಾಗಾಗಿ ಮೇಲಿನ ಸಮೀಕರಣ ಇಲ್ಲಿ ನಡೆಯುವುದಿಲ್ಲ. ಆಕಾರ ಹೇಳದೇ ಉತ್ತರ ಕೇಳಿದ್ದಾರೆ ಅಂದರೆ ಉತ್ತರ ಆಕಾರವನ್ನು ಅವಲಂಬಿಸಿಲ್ಲ. ಅದು ಶಕ್ತಿಯ ಲೆಕ್ಕ. ಎತ್ತರದ ಶಕ್ತಿಯೆಲ್ಲ ಚಲನೆಯ ಶಕ್ತಿಯಾಗುತ್ತದೆ. ಗುರುತ್ವದ ವೇಗೋತ್ಕರ್ಷ 9.8, ಹಾಗಾಗಿ 2 × 9.8 × 5 = 98, ಅದರ ವರ್ಗಮೂಲ ಸೆಕೆಂಡಿಗೆ ಸುಮಾರು 9.9 ಮೀಟರ್.

ಅಂಕಿ ಹಾಕಲು ಅವಸರ ಬೇಡ

ನುಣುಪಾದ ಹಲಗೆಯನ್ನು ನೆಲಕ್ಕೆ 30 ಡಿಗ್ರಿ ಓರೆಯಾಗಿ ಇಟ್ಟಿದೆ. ಅದರ ಮೇಲೆ 3 ಕಿಲೋಗ್ರಾಂ ತೂಕದ ಪೆಟ್ಟಿಗೆ ಜಾರುತ್ತಿದೆ. ವೇಗೋತ್ಕರ್ಷ ಎಷ್ಟು? ಶುರುವಿನಲ್ಲೇ 3 × 9.8 × 0.5 (30 ಡಿಗ್ರಿಯ ಸೈನ್) ಅಂತ ಹಾಕಿ 14.7 ಬರೆದು, ಮತ್ತೆ 3ರಿಂದ ಭಾಗಿಸಿದರೆ 4.9 ಬರುತ್ತದೆ. ಉತ್ತರ ಸರಿ. ಆದರೆ ಒಂದು ವಿಷಯ ಕಣ್ಣಿಗೆ ಬೀಳಲೇ ಇಲ್ಲ. ಅಕ್ಷರಗಳಲ್ಲೇ ಬರೆದಿದ್ದರೆ ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುವುದು ಕಾಣುತ್ತಿತ್ತು. ಆ 3 ಕಿಲೋಗ್ರಾಂ ಬರೀ ದಾರಿ ತಪ್ಪಿಸಲು ಕೊಟ್ಟದ್ದು. ಪೆಟ್ಟಿಗೆ 300 ಕಿಲೋಗ್ರಾಂ ಇದ್ದರೂ ಉತ್ತರ ಅದೇ.

ಅಕ್ಷರಗಳಿಂದ ಇನ್ನೊಂದು ಲಾಭವಿದೆ. ಇಲ್ಲಿ ಸೈನ್ ಬರಬೇಕೋ ಕೊಸೈನ್ ಬರಬೇಕೋ ಅಂತ ತುಂಬಾ ಜನ ತಲೆ ಕೆರೆದುಕೊಳ್ಳುತ್ತಾರೆ. ಬಾಯಿಪಾಠ ಬೇಡ. ಹಲಗೆಯನ್ನು ಮನಸ್ಸಿನಲ್ಲೇ ಪೂರ್ತಿ ಮಲಗಿಸಿ. ಕೋನ ಸೊನ್ನೆ, ಪೆಟ್ಟಿಗೆ ಜಾರುವುದಿಲ್ಲ. ಸೊನ್ನೆ ಡಿಗ್ರಿಯ ಸೈನ್ ಸೊನ್ನೆ, ಕೊಸೈನ್ ಒಂದು. ಹಾಗಾಗಿ ಸೈನ್. ಈಗ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ. ಪೆಟ್ಟಿಗೆ ನೇರವಾಗಿ ಬೀಳುತ್ತದೆ, 90 ಡಿಗ್ರಿಯ ಸೈನ್ ಒಂದು. ಹೊಂದಿತು.

ಕ್ಯಾಲ್ಕುಲೇಟರ್ ಬಳಸುವವರು ಇಲ್ಲೇ ಒಂದು ಸಲ ಸೈನ್ 30 ಒತ್ತಿ. 0.5 ಬರಬೇಕು. ಮೈನಸ್ 0.988 ಬಂದರೆ ಅದು ಕೋನ ಅಳೆಯುವ ಇನ್ನೊಂದು ಏಕಮಾನವಾದ ರೇಡಿಯನ್ ಲೆಕ್ಕದಲ್ಲಿದೆ ಎಂದರ್ಥ. ಡಿಗ್ರಿಗೆ ಬದಲಿಸಿ.

ಏಕಮಾನ ಜೊತೆಗೇ ಬರಲಿ

ಕಾಲೇಜಿನಲ್ಲಿದ್ದಾಗ ಮೇಲಿನ ಬ್ರೇಕ್ ಲೆಕ್ಕದಂಥದ್ದೇ ಒಂದರಲ್ಲಿ ನಾನು 518 ಮೀಟರ್ ಅಂತ ಉತ್ತರ ಬರೆದಿದ್ದೆ. ವೇಗ ಗಂಟೆಗೆ 72 ಕಿಲೋಮೀಟರ್ ಎಂದಿತ್ತು. ಆ 72ನ್ನು ಹಾಗೇ ವರ್ಗ ಮಾಡಿ 10ರಿಂದ ಭಾಗಿಸಿದ್ದೆ. ಬ್ರೇಕ್ ಒತ್ತಿದ ಮೇಲೂ ಅರ್ಧ ಕಿಲೋಮೀಟರ್ ಓಡುವ ಕಾರು! ಉತ್ತರದ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ತಿರ ಹೋಗಿ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ಲೆಕ್ಕವನ್ನು ಪೌಂಡ್‌ನಲ್ಲಿ ಕೊಟ್ಟಿತ್ತು, ಇನ್ನೊಂದು ಕಡೆ ಅದನ್ನು ನ್ಯೂಟನ್ ಅಂದುಕೊಂಡರು. ಒಂದು ಪೌಂಡ್ ಬಲ ಸುಮಾರು 4.45 ನ್ಯೂಟನ್. ನೌಕೆ ಮಂಗಳಕ್ಕೆ ಅಂದುಕೊಂಡದ್ದಕ್ಕಿಂತ ತೀರಾ ಹತ್ತಿರ ಹೋಗಿಬಿಟ್ಟಿತು.

ಆದ್ದರಿಂದ ಕೊನೆಯ ಸಾಲಿನಲ್ಲಿ ಮಾತ್ರ ಏಕಮಾನ ಸೇರಿಸಬೇಡಿ. ಪ್ರತಿ ಸಾಲಿನಲ್ಲೂ ಬರೆಯಿರಿ. ಮರೆತ ಸೂತ್ರವನ್ನೂ ಅದು ನೆನಪಿಸುತ್ತದೆ. ಲೋಲಕದ ಒಂದು ತೂಗಾಟದ ಸಮಯಕ್ಕೆ ವರ್ಗಮೂಲದೊಳಗೆ ಉದ್ದ ಮೇಲೋ, ಗುರುತ್ವ ಮೇಲೋ? ಉದ್ದ ಮೀಟರ್‌ನಲ್ಲಿದೆ, ಗುರುತ್ವ ಸೆಕೆಂಡ್ ವರ್ಗಕ್ಕೆ ಇಷ್ಟು ಮೀಟರ್ ಅಂತಿದೆ. ಉದ್ದವನ್ನು ಗುರುತ್ವದಿಂದ ಭಾಗಿಸಿದರೆ ಮೀಟರ್ ಹೊಡೆದುಹೋಗಿ ಸೆಕೆಂಡ್ ವರ್ಗ ಉಳಿಯುತ್ತದೆ, ವರ್ಗಮೂಲ ತೆಗೆದರೆ ಸೆಕೆಂಡ್. ಹಾಗಾದರೆ ಉದ್ದವೇ ಮೇಲೆ. ಮುಂದಿರುವ 2 ಪೈ ಮಾತ್ರ ಏಕಮಾನದಿಂದ ಸಿಗುವುದಿಲ್ಲ, ಅದನ್ನು ನೆನಪಿಟ್ಟುಕೊಳ್ಳಲೇಬೇಕು. ಒಂದು ಮೀಟರ್ ದಾರಕ್ಕೆ ಏನಾದರೂ ಕಟ್ಟಿ ತೂಗಿ ನೋಡಿ, ಹೋಗಿ ಬರಲು ಹೆಚ್ಚುಕಡಿಮೆ 2 ಸೆಕೆಂಡ್.

ಉತ್ತರ ಬಂದ ಮೇಲೆ ಇನ್ನೊಂದು ನಿಮಿಷ

ಹೆಚ್ಚಿನವರು ಬಿಟ್ಟುಬಿಡುವ ನಿಮಿಷ ಇದೇ. ಗಣಿತದಲ್ಲಿ ಎರಡು ಬಗೆಯ ಎಡವಟ್ಟು ಆಗುತ್ತವೆ: ಇರಬೇಕಾದ ಉತ್ತರ ಕಳೆದುಹೋಗುವುದು, ಇರಬಾರದ್ದು ಒಳನುಗ್ಗುವುದು.

ಎಕ್ಸ್ ವರ್ಗ = 5 ಎಕ್ಸ್. ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿದರೆ ಎಕ್ಸ್ = 5 ಎಂದು ಬಂತು, ಖುಷಿಯಾಯಿತು. ಆದರೆ ಸೊನ್ನೆಯೂ ಉತ್ತರವೇ. ಸೊನ್ನೆಯಿಂದ ಭಾಗಿಸುವಂತಿಲ್ಲ. ಎಕ್ಸ್ ಸೊನ್ನೆಯಲ್ಲ ಅಂತ ಹೇಳದೇ ಭಾಗಿಸಿದ ಕೂಡಲೇ ಅದು ಮಾಯವಾಯಿತು. ಎಲ್ಲವನ್ನೂ ಒಂದೇ ಕಡೆ ತಂದು ಅಪವರ್ತಿಸಿದ್ದರೆ ಎರಡೂ ಸಿಗುತ್ತಿದ್ದವು.

ಈಗ ಇನ್ನೊಂದು. ‘ಎಕ್ಸ್ + 2’ರ ವರ್ಗಮೂಲ ಎಕ್ಸ್‌ಗೆ ಸಮ. ಎರಡೂ ಕಡೆ ವರ್ಗ ಮಾಡಿ ಬಿಡಿಸಿದರೆ 2 ಮತ್ತು ಮೈನಸ್ 1 ಬರುತ್ತವೆ. ಮೈನಸ್ 1ನ್ನು ಮೊದಲಿನ ಸಾಲಿಗೇ ಹಾಕಿ ನೋಡಿ. ಎಡಗಡೆ 1, ಬಲಗಡೆ ಮೈನಸ್ 1. ತಾಳೆಯಾಗಲಿಲ್ಲ. ವರ್ಗ ಮಾಡಿದಾಗ ಮೈನಸ್ ಅಳಿಸಿಹೋಗಿ ಇದು ಒಳಗೆ ಬಂದದ್ದು. ಹಾಗಾಗಿ ತಾಳೆ ನೋಡುವುದು ಯಾವಾಗಲೂ ಮೊದಲ ಸಾಲಿನಲ್ಲಿ, ನಡುವಿನ ಸಾಲಿನಲ್ಲಲ್ಲ.

ಭೌತಶಾಸ್ತ್ರದ ಮೈನಸ್ ಉತ್ತರ ಮಾತ್ರ ಬೇರೆ ಜಾತಿಯದು, ನನಗೆ ತುಂಬಾ ಇಷ್ಟ. 25 ಮೀಟರ್ ಎತ್ತರದ ಕಟ್ಟಡದ ಅಂಚಿನಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಚೆಂಡನ್ನು ಮೇಲಕ್ಕೆ ಎಸೆದರೆ ಎಷ್ಟು ಹೊತ್ತಿಗೆ ನೆಲಕ್ಕೆ ಬೀಳುತ್ತದೆ? ಗುರುತ್ವವನ್ನು 10, ಸಮಯವನ್ನು ಟಿ ಅಂತಿಟ್ಟುಕೊಂಡರೆ ಟಿ² − 4ಟಿ − 5 = 0. ಉತ್ತರ 5 ಸೆಕೆಂಡ್, ಇನ್ನೊಂದು ಮೈನಸ್ 1 ಸೆಕೆಂಡ್. ಎಲ್ಲರೂ ಎರಡನೆಯದನ್ನು ‘ಸಾಧ್ಯವಿಲ್ಲ’ ಅಂತ ಹೊಡೆದುಹಾಕುತ್ತಾರೆ. ಆದರೆ ಸಮೀಕರಣಕ್ಕೆ ಕಟ್ಟಡದ ವಿಷಯ ಗೊತ್ತಿಲ್ಲ. ಯಾರೋ ಒಂದು ಸೆಕೆಂಡ್ ಮೊದಲು ನೆಲದಿಂದಲೇ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಎಸೆದಿದ್ದರೆ ಚೆಂಡು ಈಗ ಇದೇ ಅಂಚಿನ ಎತ್ತರದಲ್ಲಿ ಇದೇ ವೇಗದಲ್ಲಿ ಇರುತ್ತಿತ್ತು. ಮೈನಸ್ 1 ಹೇಳುವುದು ಅದನ್ನೇ. ನೆಲಕ್ಕೆ ಬೀಳುವಾಗಿನ ವೇಗವೂ ಸೆಕೆಂಡಿಗೆ 30 ಮೀಟರ್, ಲೆಕ್ಕ ಮಾಡಿ ನೋಡಿ. ಉತ್ತರವಾಗಿ 5 ಸೆಕೆಂಡನ್ನೇ ಬರೆಯಿರಿ, ಆದರೆ ಇನ್ನೊಂದನ್ನು ಹೊಡೆಯುವ ಮೊದಲು ಅದು ಏನು ಹೇಳುತ್ತಿದೆ ಅಂತ ಕೇಳಿ.

ರೋಧಕಗಳ ಲೆಕ್ಕಕ್ಕೆ ಒಂದೇ ಮಾತು ಸಾಕು. ಸಮಾಂತರವಾಗಿ ಜೋಡಿಸಿದಾಗ ಒಟ್ಟು ರೋಧ ಇದ್ದುದರಲ್ಲಿ ಚಿಕ್ಕದಕ್ಕಿಂತಲೂ ಕಡಿಮೆ ಇರಬೇಕು. 6 ಮತ್ತು 3 ಓಮ್ ಸೇರಿ 2 ಓಮ್. 4.5 ಅಂತಲೋ 9 ಅಂತಲೋ ಬಂದರೆ ಹಿಂದಕ್ಕೆ ಹೋಗಿ. ಅರ್ಧ ಅಂತ ಬಂದರೆ, 1/6 ಮತ್ತು 1/3 ಕೂಡಿಸಿದ ಮೇಲೆ ಕೊನೆಯಲ್ಲಿ ತಿರುವಿಹಾಕಲು ಮರೆತಿದ್ದೀರಿ.

ಸಿಕ್ಕಿಹಾಕಿಕೊಂಡಾಗ

ಕಾಲು ಗಂಟೆ ಕೂತರೂ ದಾರಿ ಕಾಣದಿದ್ದರೆ ಅಂಕಿಗಳನ್ನು ಚಿಕ್ಕದು ಮಾಡಿ. ಮೂರು ವಸ್ತು ಇದ್ದರೆ ಒಂದನ್ನು ತೆಗೆದುಹಾಕಿ. ಘರ್ಷಣೆ ಇದ್ದರೆ ಇಲ್ಲ ಅಂದುಕೊಳ್ಳಿ. ಆ ಸುಲಭದ ಲೆಕ್ಕ ಬಿಡಿಸಿ, ತೆಗೆದದ್ದನ್ನು ಮತ್ತೆ ಸೇರಿಸಿ. ಅದಕ್ಕೂ ಬಗ್ಗದಿದ್ದರೆ ಬೇರೆ ಲೆಕ್ಕಕ್ಕೆ ಹೋಗಿ.

ಗೈಡ್ ನೋಡಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಸಾಲು ನೋಡಿ, ಮುಚ್ಚಿಡಿ. ಅಲ್ಲಿಂದ ನೀವೇ ಮುಂದೆ ಹೋಗಿ. ಪೂರ್ತಿ ಓದಿ ‘ಓ, ಇಷ್ಟೇನಾ’ ಅಂದ ಲೆಕ್ಕ ಮರುದಿನ ಖಾಲಿ ಹಾಳೆಯ ಮೇಲೆ ಬರುವುದು ಅಪರೂಪ. ಮರುದಿನ ಅದೇ ಲೆಕ್ಕವನ್ನು ನೋಡದೇ ಮಾಡಿದರೆ ಗೊತ್ತಾಗುತ್ತದೆ.

ಆಗಲೂ ನಿಂತುಹೋದರೆ, ಯಾವ ಸಾಲಿನಲ್ಲಿ ನಿಂತಿತೋ ಅದರ ಪಕ್ಕ ಪೆನ್ಸಿಲ್‌ನಿಂದ ಗೆರೆ ಎಳೆಯಿರಿ. ‘ಈ ಲೆಕ್ಕ ಬರಲಿಲ್ಲ’ ಅಂದರೆ ಮೇಷ್ಟ್ರು ಇಡೀ ಲೆಕ್ಕ ಮಾಡಿ ತೋರಿಸುತ್ತಾರೆ, ನೀವು ಬರೆದುಕೊಂಡು ಬರುತ್ತೀರಿ. ‘ಮೂರನೇ ಸಾಲಿನಲ್ಲಿ ಮೈನಸ್ ಎಲ್ಲಿಂದ ಬಂತು ಸಾರ್?’ ಅಂತ ಕೇಳಿ ನೋಡಿ.