ಸ್ಕೂಟರ್ ಕಲಿಯುವ ಆಸೆಯಿರುವ ಅಕ್ಕಂದಿರಿಗೆ

‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ’ ಎಂಬ ಮಾತಿಗೆ ಅಳುಕಿ ಸ್ಕೂಟರ್ ಕಲಿಯುವ ಆಸೆಯನ್ನು ಮುಂದೂಡುತ್ತಿದ್ದರೆ, ಧೈರ್ಯ ಬರಲಿ ಎಂದು ಕಾಯಬೇಡಿ. ಮೊದಲು ಕಲಿಕಾ ಪರವಾನಗಿ ಮಾಡಿಸಿಕೊಳ್ಳಿ. ಅದರ ಅವಧಿ 6 ತಿಂಗಳು ಮಾತ್ರ; 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹೋಗಬಹುದು. ಎದುರಿಗೆ ಗಡುವು ಇದ್ದಾಗ ‘ಮುಂದಿನ ವರ್ಷ ನೋಡೋಣ’ ಎನ್ನಲು ಮನಸ್ಸಿಗೆ ದಾರಿಯಿರುವುದಿಲ್ಲ, ಮನೆಯವರೂ ‘ಬೇಕೇ?’ ಎನ್ನುವುದನ್ನು ಬಿಟ್ಟು ‘ಪರೀಕ್ಷೆ ಯಾವಾಗ?’ ಎಂದು ಕೇಳತೊಡಗುತ್ತಾರೆ. ಬಿಳಿ ಫಲಕದ ಮೇಲಿನ ಕೆಂಪು ‘ಎಲ್’ ಅಕ್ಷರಕ್ಕೆ ಖಂಡಿತ ನಾಚಬೇಡಿ, ಹಿಂದಿನ ವಾಹನದವರು ಸ್ವಲ್ಪ ಅಂತರ ಬಿಡುವುದು ಅದನ್ನು ನೋಡಿಯೇ. ಆದರೆ ನಿಮ್ಮ ಅಳುಕು ಜನರ ಮಾತಿಗಲ್ಲ, ಬಿದ್ದುಬಿಡುತ್ತೇನೆಂಬ ಭಯಕ್ಕೆ ಎಂದಾದರೆ ಈ ಉಪಾಯ ನಡೆಯದು. ಗಡುವು ಗಾಬರಿಯನ್ನೇ ಹೆಚ್ಚಿಸುತ್ತದೆ. ಆಗ ಮೊದಲು ಖಾಲಿ ಮೈದಾನದಲ್ಲಿ, ಎರಡೂ ಪಾದ ನೆಲಕ್ಕೆ ತಾಗುವಷ್ಟು ಸೀಟು ತಗ್ಗಿಸಿದ ಸೈಕಲ್ಲಿನಲ್ಲಿ ಸಮತೋಲನ ಕಲಿಯಿರಿ.