ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯದ ಗ್ರೇಡ್ ನೋಡುವುದು ಹೇಗೆ?

ಇನ್ನೂರು ವರ್ಷ ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯ ಕಂಡ ತಕ್ಷಣ ಎಲ್ಲರೂ ಕೇಳುವುದು ‘ಇದಕ್ಕೆ ಎಷ್ಟು ಬರುತ್ತೆ?’ ಅಂತ. ಬೆಲೆ ನಿಂತಿರುವುದು ಗ್ರೇಡ್ ಮೇಲೆ, ಅಂದರೆ ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅನ್ನುವುದರ ಅಳತೆಯ ಮೇಲೆ. ಗ್ರೇಡ್ ನೋಡಲು ಮೊದಲು ಒಂದು ಅಭ್ಯಾಸ ಬೇಕು: ನಾಣ್ಯದ ಮೇಲಿನ ಪ್ರತಿ ಗುರುತನ್ನೂ ನೋಡಿ, ಇದು ಟಂಕಸಾಲೆಯಲ್ಲೇ ಬಿದ್ದದ್ದಾ, ಆಮೇಲೆ ಹೊರಗೆ ಬಿದ್ದದ್ದಾ ಅಂತ ಕೇಳಿಕೊಳ್ಳುವುದು.

ಕಲಿಯುವವರು ಕ್ಯಾಪ್ಡ್ ಬಸ್ಟ್ ಅರ್ಧ ಡಾಲರಿನಿಂದ ಶುರು ಮಾಡಿ. ಟೋಪಿ ಹಾಕಿದ ಲಿಬರ್ಟಿಯ (ಸ್ವಾತಂತ್ರ್ಯದೇವಿಯ) ಮುಖ ಒಂದು ಬದಿಗೆ, ಹದ್ದು ಹಿಂಬದಿಗೆ ಇರುವ ಈ ನಾಣ್ಯ ಜಾನ್ ರೈಕ್ ಅವರ ವಿನ್ಯಾಸ, 1807ರಿಂದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಅಚ್ಚಾಯಿತು. 1804ರಲ್ಲಿ ಬೆಳ್ಳಿ ಡಾಲರ್ ಅಚ್ಚು ಹಾಕುವುದು ನಿಂತುಹೋಗಿತ್ತು, ಹಾಗಾಗಿ 1836ರವರೆಗೂ ಅಮೆರಿಕ ಅಚ್ಚು ಹಾಕುತ್ತಿದ್ದ ಅತಿ ದೊಡ್ಡ ಬೆಳ್ಳಿ ನಾಣ್ಯ ಈ ಅರ್ಧ ಡಾಲರೇ, ಬ್ಯಾಂಕುಗಳು ಇದನ್ನು ಚೀಲಗಳಲ್ಲಿ ಕಟ್ಟಿ ತಮ್ಮ ಮೀಸಲು ಅಂತ ಇಟ್ಟುಕೊಳ್ಳುತ್ತಿದ್ದವು. ಜನರ ಜೇಬಿನಲ್ಲಿ ತಿರುಗಿದ್ದು ಕಡಿಮೆ. ಅದಕ್ಕೇ ಒಳ್ಳೆ ಸ್ಥಿತಿಯ ನಾಣ್ಯಗಳು ಇವತ್ತಿಗೂ ಸಿಗುತ್ತವೆ.

ಮೊದಲು ತೂಕ ಮತ್ತು ಅಂಚು. ತೂಕ 13.48 ಗ್ರಾಂ, ಅಗಲ ಸುಮಾರು 32.5 ಮಿಲಿಮೀಟರ್, ಬೆಳ್ಳಿ ಶೇ 89ಕ್ಕಿಂತ ಸ್ವಲ್ಪ ಜಾಸ್ತಿ. ತುಂಬಾ ಸವೆದಿದ್ದರೆ ತೂಕ ತುಸು ಕಡಿಮೆ ಬರುತ್ತದೆ, ಅದು ಸಹಜ. ಅಂಚಿನ ಮೇಲೆ ‘ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್’ ಅಂತ ಅಕ್ಷರ ಇರಬೇಕು. 1807ರಿಂದ 1835ರವರೆಗಿನ ಇಸವಿ ಇದ್ದು ಅಂಚು ಬರೀ ಗೀರುಗೀರಾಗಿದ್ದರೆ ಅಥವಾ ನುಣ್ಣಗಿದ್ದರೆ ಅಲ್ಲೇ ನಿಲ್ಲಿಸಿ, ಅನುಮಾನ ಪಡಿ. ನಕಲಿಗಳು ಬಹಳ ಇವೆ. ಅಂಚಿನಲ್ಲಿ ಬೆಸುಗೆಯ ಗುರುತು ಇದೆಯಾ ಅಂತಲೂ ನೋಡಿ, ಒಂದು ಕಾಲದಲ್ಲಿ ಪದಕ ಮಾಡಿಕೊಂಡು ಹಾಕಿಕೊಂಡಿದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಬೆಳಕು. ಕೋಣೆಯ ಟ್ಯೂಬ್‌ಲೈಟ್ ಸಾಲದು. ಒಂದೇ ಬಲ್ಬಿನ ಟೇಬಲ್ ಲ್ಯಾಂಪ್ ಕೆಳಗೆ, ಮೆತ್ತನೆ ಬಟ್ಟೆ ಹಾಸಿಕೊಂಡು, ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿದು ನಿಧಾನವಾಗಿ ಓರೆ ಮಾಡುತ್ತಾ ತಿರುಗಿಸಿ. ಮೊದಲು ಬರಿಗಣ್ಣು, ಆಮೇಲೆ ಐದು ಅಥವಾ ಏಳು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ.

ಈಗ ನಿಜವಾದ ಕೆಲಸ. ಆ ಕಾಲದಲ್ಲಿ ಅಚ್ಚು ಒತ್ತುತ್ತಿದ್ದುದು ಮನುಷ್ಯರು ಕೈಯಿಂದ ತಿರುಗಿಸುವ ಸ್ಕ್ರೂ ಪ್ರೆಸ್ಸಿನಲ್ಲಿ, ಹಾಗಾಗಿ ಎಲ್ಲ ನಾಣ್ಯದ ಮೇಲೂ ಒತ್ತಡ ಒಂದೇ ಸಮ ಬೀಳುತ್ತಿರಲಿಲ್ಲ. ಹದ್ದಿನ ತಲೆ ಮೇಲಿನ ಪಟ್ಟಿಯಲ್ಲಿ ‘ಇ ಪ್ಲೂರಿಬಸ್ ಯೂನಮ್’ ಅಕ್ಷರ ಮಸುಕಾಗಿರುವುದು, ಮುಂಬದಿಯಲ್ಲಿ ಸರಿಯಾಗಿ ಅದರ ಬೆನ್ನಿಗೇ ಬರುವ, ಲಿಬರ್ಟಿಯ ಭುಜದ ಮೇಲೆ ಬಟ್ಟೆ ಹಿಡಿದಿಡುವ ಕೊಕ್ಕೆ ಚಪ್ಪಟೆಯಾಗಿರುವುದು ಬಹಳ ಸಾಮಾನ್ಯ. ಅದು ಸವೆತ ಆಗಿರಲೇಬೇಕು ಅಂತಿಲ್ಲ. ಗೊತ್ತುಮಾಡಿಕೊಳ್ಳುವುದು ಹೊಳಪಿನಿಂದ: ಚಪ್ಪಟೆ ಜಾಗದಲ್ಲೂ ಸುತ್ತಲಿನ ಬಣ್ಣ, ಹೊಳಪು ಹಾಗೇ ಮುಂದುವರಿದಿದ್ದರೆ ಅಚ್ಚು ಸರಿಯಾಗಿ ಬಿದ್ದಿಲ್ಲ ಅಷ್ಟೆ. ಅದೇ ಜಾಗ ಮಂಕಾಗಿ, ಬೂದು ಬಣ್ಣಕ್ಕೆ ತಿರುಗಿ, ನುಣ್ಣಗಿದ್ದರೆ ಸವೆತ.

1790ರ ದಶಕದ ನಾಣ್ಯಗಳಲ್ಲಿ ಇನ್ನೊಂದು ಇದೆ, ಹೊಸಬರು ಇಲ್ಲಿ ತುಂಬಾ ಎಡವುತ್ತಾರೆ. ಬಿಲ್ಲೆಯ, ಅಂದರೆ ಇನ್ನೂ ಚಿತ್ರ ಬೀಳದ ಬೆಳ್ಳಿ ತಟ್ಟೆಯ, ತೂಕ ಜಾಸ್ತಿ ಬಂದರೆ ಅಚ್ಚು ಹಾಕುವ ಮೊದಲೇ ಅರದಿಂದ ಉಜ್ಜಿ ಸರಿ ಮಾಡುತ್ತಿದ್ದರು. ಆ ಸಮಾನಾಂತರ ಗೆರೆಗಳು ಪೂರ್ತಿ ಅಳಿಯದೆ ಉಳಿದುಬಿಡುತ್ತವೆ. ಗೆರೆ ಚಿತ್ರದ ಅಡಿಯಲ್ಲಿ ಹೋದ ಹಾಗೆ ಕಂಡು, ಅಚ್ಚು ಬಲವಾಗಿ ಬಿದ್ದ ಕಡೆ ಮಾಯವಾಗುತ್ತಿದ್ದರೆ ಅದು ಟಂಕಸಾಲೆಯದು. ಚಿತ್ರವನ್ನೇ ಕೊಯ್ದುಕೊಂಡು ಮೇಲೆ ಹೋಗಿದ್ದರೆ ಆಮೇಲೆ ಬಿದ್ದ ಗೀರು. ತೂಕ ಕಡಿಮೆ ಬಂದರೆ ಕೆಲವು ಬಿಲ್ಲೆಗಳ ನಡುವೆ ಪುಟ್ಟ ಬೆಳ್ಳಿ ತುಂಡು ಸೇರಿಸಿದ್ದೂ ಉಂಟು. 2013ರಲ್ಲಿ ಒಂದು ಕೋಟಿ ಡಾಲರಿಗೂ ಜಾಸ್ತಿಗೆ ಹರಾಜಾದ 1794ರ ಡಾಲರಿನಲ್ಲೂ ಅಂಥ ತುಂಡು ಇದೆ! ಉಬ್ಬಿದ ಗೆರೆ ಕಂಡರೆ ಅದು ಸಾಮಾನ್ಯವಾಗಿ ನಾಣ್ಯ ಒತ್ತುವ ಅಚ್ಚಿನದೇ ಗುರುತು, ಹೆಚ್ಚಾಗಿ ಅಚ್ಚಿನಲ್ಲಿ ಬಿದ್ದ ಬಿರುಕು, ಗೀರು ಯಾವತ್ತೂ ಒಳಕ್ಕೆ ಇಳಿದಿರುತ್ತದೆ.

ಸವೆತ ಅಳೆಯುವಾಗ ಕಣ್ಣಿನ ಮೇಲಿನ ಕೂದಲು, ಕಿವಿಯ ಮೇಲಿನ ಕೂದಲು, ಭುಜದ ಕೊಕ್ಕೆ ಮತ್ತು ಅದರ ಪಕ್ಕದ ಗುಂಗುರು, ಹಿಂಬದಿಯಲ್ಲಿ ಹದ್ದಿನ ರೆಕ್ಕೆಯ ಅಂಚು, ಇಷ್ಟು ನೋಡಿ. ಗ್ರೇಡ್ ಸಂಖ್ಯೆ 1ರಿಂದ 70ರವರೆಗೆ. ವಿಲಿಯಂ ಶೆಲ್ಡನ್ 1949ರಲ್ಲಿ ಹಳೆಯ ತಾಮ್ರದ ಸೆಂಟುಗಳಿಗೆ ಅಂತ ಮಾಡಿದ ಅಳತೆ ಇದು, ಈಗ ಎಲ್ಲ ನಾಣ್ಯಕ್ಕೂ ಬಳಸುತ್ತಾರೆ. ಇಸವಿ, ಅಕ್ಷರ ಓದಲು ಬಂದು ಮುಖ ನುಣ್ಣಗಾಗಿ ಗೆರೆಯಷ್ಟೇ ಉಳಿದಿದ್ದರೆ 4. ತಲೆಪಟ್ಟಿಯ ‘ಲಿಬರ್ಟಿ’ ಮಸುಕಾಗಿ ಕಂಡರೆ 8. ಕೊಕ್ಕೆ, ಗುಂಗುರು ಎರಡರ ಆಕಾರವೂ ಸ್ಪಷ್ಟವಾಗಿದ್ದರೆ 12. ಹುಬ್ಬಿನ ಮೇಲಿನ ಕೂದಲು ಬೇರೆಯಾಗಿ ಕಂಡರೆ 20. ಗುಂಗುರುಗಳೆಲ್ಲ ಚೆನ್ನಾಗಿ ಮೂಡಿದ್ದರೆ 40. ಎತ್ತರದ ಕೂದಲಿನಲ್ಲಷ್ಟೇ ಸವೆತದ ಸುಳಿವಿದ್ದರೆ 50. ಸವೆತವೇ ಇಲ್ಲದಿದ್ದರೆ 60ರಿಂದ ಮೇಲೆ. ಕೊಕ್ಕೆ ಒಂದನ್ನೇ ನಂಬಬೇಡಿ, ಯಾಕೆ ಅಂತ ಆಗಲೇ ಹೇಳಿದೆ.

ಕೊನೆಗೆ ತೊಳೆದ ನಾಣ್ಯ. ನನಗೆ ತುಂಬಾ ಸಂಕಟ ಆಗುವ ವಿಷಯ ಇದು. ಹಬ್ಬಕ್ಕೆ ಬೆಳ್ಳಿ ದೀಪ ಉಜ್ಜುವ ಹಾಗೆ ನಾಣ್ಯ ಉಜ್ಜಿಬಿಟ್ಟರೆ ಮೂಲದ ಮೈ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಇನ್ನೂರು ವರ್ಷದ ಬೆಳ್ಳಿ ಬೂದು, ಕಂದು, ಕೆಲವೊಮ್ಮೆ ಅಂಚಿನಲ್ಲಿ ನೀಲಿ ಬಣ್ಣಕ್ಕೆ ತಿರುಗಿರುವುದೇ ಸರಿ. ಸವೆದ ನಾಣ್ಯ ಬೆಳ್ಳಗೆ ಫಳಫಳ ಅಂದರೆ ಬೆಳಕಿನಲ್ಲಿ ತಿರುಗಿಸಿ. ಒಂದೇ ದಿಕ್ಕಿನ ಕೂದಲೆಳೆಯಂಥ ಗೆರೆಗಳು ಕಂಡರೆ ಯಾರೋ ಉಜ್ಜಿದ್ದಾರೆ ಅಂತಲೇ ಅರ್ಥ. ಪಿಸಿಜಿಎಸ್, ಎನ್‌ಜಿಸಿ ಥರದ, ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಸಂಸ್ಥೆಗಳು ಅದಕ್ಕೆ ಸಂಖ್ಯೆ ಕೊಡುವುದಿಲ್ಲ, ‘ಡಿಟೇಲ್ಸ್’ ಅಂತ ಬರೆಯುತ್ತವೆ. ಬೆಲೆ ಚೆನ್ನಾಗಿಯೇ ಇಳಿಯುತ್ತದೆ.

ಅಭ್ಯಾಸಕ್ಕೆ ನಾಣ್ಯ ಕೊಳ್ಳಬೇಕು ಅಂತೇನಿಲ್ಲ. ದೊಡ್ಡ ಹರಾಜು ಮನೆಗಳು ಹಳೆಯ ಮಾರಾಟದ ಫೋಟೊಗಳನ್ನು ಆನ್‌ಲೈನಿನಲ್ಲಿ ಇಟ್ಟಿವೆ. ಒಂದೇ ಇಸವಿಯ ಬೇರೆ ಬೇರೆ ಗ್ರೇಡಿನವು ತೆಗೆಯಿರಿ, 1827 ಇದಕ್ಕೆ ಚೆನ್ನಾಗಿದೆ, ಬೇಕಾದಷ್ಟು ಸಿಗುತ್ತವೆ. ಲೇಬಲ್ ಮುಚ್ಚಿಕೊಂಡು ನಿಮ್ಮ ಸಂಖ್ಯೆ ಕಾಗದದಲ್ಲಿ ಬರೆದಿಟ್ಟು, ಆಮೇಲೆ ತೆರೆದು ನೋಡಿ.